ಸಹಿ ಒಬ್ಬರದು, ಕೈ ಹಲವರದು: ಕವಾಸೆ ಹಸುಯಿ ಮತ್ತು ಜಪಾನಿನ ಮರದಚ್ಚು ಚಿತ್ರ

ಜಪಾನಿನ ಮರದಚ್ಚು ಚಿತ್ರದ ಮೂಲೆಯಲ್ಲಿ ಒಂದು ಸಹಿ, ಅದರ ಜೊತೆಗೊಂದು ಪುಟ್ಟ ಮುದ್ರೆ ಇರುತ್ತದೆ. ಸಹಿ ಚಿತ್ರಕಾರನದೇ. ಆದರೆ ಆ ಹಾಳೆಯ ಮೇಲೆ ಆತನ ಕುಂಚ ಒಂದು ಸಲವೂ ಆಡಿರುವುದಿಲ್ಲ. ಹಲಗೆ ಕೆತ್ತಿದವರು ಬೇರೆ, ಬಣ್ಣ ಬಳಿದು ಹಾಳೆ ತಿಕ್ಕಿದವರು ಬೇರೆ. ಯಾವ ಚಿತ್ರ ಮಾಡಿಸಬೇಕು, ಎಷ್ಟು ಪ್ರತಿ ತೆಗೆಸಬೇಕು, ಎಷ್ಟಕ್ಕೆ ಮಾರಬೇಕು ಎಂದು ನಿರ್ಧರಿಸಿ ಹಣ ಹೂಡಿದವರು ಮತ್ತೊಬ್ಬರು. ಎಶಿ ಎಂದರೆ ಚಿತ್ರಕಾರ, ಹೊರಿಶಿ ಕೆತ್ತನೆಗಾರ, ಸುರಿಶಿ ಮುದ್ರಕ, ಹನ್‌ಮೊಟೊ ಪ್ರಕಾಶಕ. ಹಾಗಾದರೆ ಚಿತ್ರಕಾರನ ಪಾಲಿಗೆ ಉಳಿಯುವ ಕೆಲಸವೇನು? ಬೇರೆಯವರ ಕೈಗೆ ಒಗ್ಗುವಂತೆ ಬರೆಯುವುದು, ಆಮೇಲೆ ಆ ಕೈಗಳಿಂದ ಬಂದದ್ದನ್ನು ನೋಡಿ ತಿದ್ದಿಸುವುದು. ಇದು ನಿಜಕ್ಕೂ ಹೇಗೆ ನಡೆಯುತ್ತದೆ ಎಂಬುದನ್ನು ತಿಳಿಯಲು 20ನೇ ಶತಮಾನದ ಭೂದೃಶ್ಯ ಚಿತ್ರಕಾರ ಕವಾಸೆ ಹಸುಯಿ ಅವರಿಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಈ ನಾಲ್ವರ ಪಾಲುದಾರಿಕೆ ಎಡೋ ಕಾಲದ್ದು (1603–1868). ಹಲವು ಬಣ್ಣಗಳ ಅಚ್ಚು, ಅಂದರೆ ನಿಶಿಕಿ-ಎ, ಸುಜುಕಿ ಹರುನೊಬು ಅವರ ಚಿತ್ರಗಳೊಂದಿಗೆ 1765ರ ಸುಮಾರಿಗೆ ನೆಲೆಗೊಂಡಿತು. ಕೆತ್ತಿದ ಹಲಗೆಗಳು ಪ್ರಕಾಶಕನ ಸೊತ್ತು. ಚಿತ್ರಕಾರನಿಗೆ ಚಿತ್ರಕ್ಕಿಷ್ಟು ಎಂದು ಒಮ್ಮೆ ಹಣ ಸಿಕ್ಕಿದರೆ ಮುಗಿಯಿತು, ಎಷ್ಟು ಸಾವಿರ ಪ್ರತಿ ಮಾರಿದರೂ ಅವನಿಗೆ ಮತ್ತೆ ಬಿಡಿಗಾಸಿಲ್ಲ. ಕೆತ್ತನೆಗಾರನನ್ನು ಆರಿಸುವುದೂ ಸಾಮಾನ್ಯವಾಗಿ ಪ್ರಕಾಶಕನೇ. ಎಡೋ ಕಾಲದ ಹೆಸರಾಂತ ಚಿತ್ರಕಾರ ಹೊಕುಸಾಯ್ 1836ರಲ್ಲಿ ತಮ್ಮ ಪ್ರಕಾಶಕರಿಗೆ ಪತ್ರ ಬರೆದು, ಕೆತ್ತನೆಯನ್ನು ಎಗಾವಾ ತೊಮೆಕಿಚಿ ಎಂಬ ಕೆತ್ತನೆಗಾರನಿಗೇ ಕೊಡಿ ಎಂದು ಕೇಳಿಕೊಂಡರು. ಬೇರೆಯವರು ಕೆತ್ತಿದರೆ ಕಣ್ಣು ಮೂಗುಗಳು ತಾವು ಬರೆದಂತೆ ಬರದೆ ಉತಗಾವಾ ಎಂಬ ಬೇರೊಂದು ಚಿತ್ರಕಾರ ಪಂಥದ ಚಹರೆ ತಾಳುತ್ತವೆ ಎಂಬುದು ಅವರ ತಕರಾರು. ಅಷ್ಟು ದೊಡ್ಡ ಹೆಸರಿನ ಕಲಾವಿದರೂ ಒಂದು ಮೂಗಿಗಾಗಿ ಹೀಗೆ ಬೇಡಿಕೊಳ್ಳಬೇಕಿತ್ತು.

ಹಸುಯಿ ಹುಟ್ಟಿದ್ದು 1883ರಲ್ಲಿ, ಟೋಕಿಯೋದ ಶಿಬಾದಲ್ಲಿ. ಮನೆಯದು ದಾರ, ಹೆಣೆದ ಲಾಡಿಗಳ ವ್ಯಾಪಾರ. ಹಿರಿಯ ಮಗನಾದ್ದರಿಂದ ಅಂಗಡಿ ನೋಡಿಕೊಳ್ಳುವ ಹೊಣೆ ಅವರದೇ. ಅದರಿಂದ ಬಿಡಿಸಿಕೊಂಡು ಕಬುರಾಗಿ ಕಿಯೊಕತ ಅವರ ಬಳಿ ಚಿತ್ರಕಲೆ ಕಲಿಯಲು ಹೋದಾಗ ವಯಸ್ಸು 25 ದಾಟಿತ್ತು. ಈಗ ಶುರುಮಾಡಲು ತಡವಾಯಿತು, ಪಾಶ್ಚಾತ್ಯ ಶೈಲಿಯ ಚಿತ್ರಕಲೆ ಕಲಿ ಎಂದು ಅವರು ಕಳಿಸಿಬಿಟ್ಟರು. ಒಕಾಡಾ ಸಬುರೊಸುಕೆ ಅವರಲ್ಲಿ ಎಣ್ಣೆಬಣ್ಣ, ಜಲವರ್ಣ ಕಲಿತು ಮರಳಿ ಬಂದಾಗ ಕಿಯೊಕತ ಶಿಷ್ಯನಾಗಿ ಒಪ್ಪಿಕೊಂಡು ಹಸುಯಿ ಎಂಬ ಹೆಸರು ಕೊಟ್ಟರು. ಈ ಸುತ್ತುದಾರಿಯೇ ಮುಂದೆ ಅವರ ಬಂಡವಾಳವಾಯಿತು. ಅವರ ಚಿತ್ರಗಳಲ್ಲಿ ಬೆಳಕು ಒಂದು ದಿಕ್ಕಿನಿಂದ ಬೀಳುತ್ತದೆ, ನೀರಿನಲ್ಲಿ ಅದರ ಪ್ರತಿಬಿಂಬ ಕಾಣುತ್ತದೆ, ದೂರದ ಬೆಟ್ಟ ಮಂಕಾಗುತ್ತದೆ. 1918ರಲ್ಲಿ, ಗೆಳೆಯ ಇಟೊ ಶಿನ್‌ಸುಯಿ ಮಾಡಿದ್ದ ಒಮಿ ಪ್ರಾಂತ್ಯದ ಎಂಟು ದೃಶ್ಯಗಳ ಅಚ್ಚು ನೋಡಿ, ಅದರ ಪ್ರಕಾಶಕ ವತನಾಬೆ ಶೋಜಬುರೋ ಅವರನ್ನು ಹುಡುಕಿಕೊಂಡು ಹೋದರು. ಅದೇ ವರ್ಷ ಶಿಯೊಬಾರಾದ ಮೂರು ದೃಶ್ಯಗಳು ಅಚ್ಚಾದವು. ಅಲ್ಲಿಂದ ಸಾಯುವತನಕ ಸುಮಾರು 600 ಚಿತ್ರಗಳು, ಬಹುಪಾಲು ವತನಾಬೆ ಅವರಿಗೇ.

ವತನಾಬೆ ಆ ಹೊತ್ತಿಗೆ ಹಳೆಯ ಚಿತ್ರಗಳ ಮರುಮುದ್ರಣ ಮಾಡಿ ವಿದೇಶಗಳಿಗೆ ಮಾರುತ್ತಿದ್ದ ವ್ಯಾಪಾರಿ. ಫೋಟೋ, ಲಿಥೋಗ್ರಾಫ್ (ಕಲ್ಲಚ್ಚು) ಬಂದು ಮರದಚ್ಚಿನ ಮಾರುಕಟ್ಟೆ ಕುಸಿದಿತ್ತು, ಕೈ ಪಳಗಿದ ಕೆಲಸಗಾರರಿಗೆ ಕೆಲಸವಿರಲಿಲ್ಲ. ಅವರನ್ನು ಒಟ್ಟುಹಾಕಿ, ಹೊಸ ಚಿತ್ರಕಾರರಿಂದ ಹೊಸ ಚಿತ್ರ ಬರೆಸಿ, ಹಳೆಯ ಪದ್ಧತಿಯಲ್ಲೇ ಇನ್ನೂ ಹೆಚ್ಚು ಅಚ್ಚುಕಟ್ಟಾಗಿ ಒತ್ತಿಸುವುದು ಅವರ ಯೋಜನೆ. ಶಿನ್-ಹಂಗಾ, ಅಂದರೆ ಹೊಸ ಅಚ್ಚುಚಿತ್ರ, ಎಂದು ಅದಕ್ಕೆ ಹೆಸರು. ಗಿರಾಕಿಗಳಲ್ಲಿ ಅಮೆರಿಕದವರೇ ಹೆಚ್ಚು. 1930 ಮತ್ತು 1936ರಲ್ಲಿ ಒಹಾಯೋದ ಟೊಲಿಡೊ ಕಲಾ ಸಂಗ್ರಹಾಲಯದಲ್ಲಿ ನಡೆದ ಪ್ರದರ್ಶನಗಳು ಆ ಬೇಡಿಕೆಯನ್ನು ಇನ್ನಷ್ಟು ಏರಿಸಿದವು.

ಹಸುಯಿ ಅವರ ವರ್ಷದ ಬಹುಪಾಲು ತಿರುಗಾಟದಲ್ಲೇ ಕಳೆಯುತ್ತಿತ್ತು. ಹಗಲು ಸ್ಥಳದಲ್ಲಿ ಪೆನ್ಸಿಲ್ ಸ್ಕೆಚ್, ರಾತ್ರಿ ವಸತಿಗೃಹದಲ್ಲಿ ನೆನಪಿನಿಂದ ಅದಕ್ಕೆ ಜಲವರ್ಣ. ಊರಿಗೆ ಮರಳಿದ ಮೇಲೆ ಆ ಸ್ಕೆಚ್‌ಗಳಲ್ಲಿ ಯಾವುದು ಅಚ್ಚಾಗಬೇಕು ಎಂದು ವತನಾಬೆ ಜೊತೆ ಕುಳಿತು ಆರಿಸುವುದು. ಆರಿಸಿದ್ದಕ್ಕೆ ಪೂರ್ಣ ಪ್ರಮಾಣದ ಬಣ್ಣದ ಚಿತ್ರ ಬರೆದುಕೊಡುವುದು. ಅಲ್ಲಿಂದ ಮುಂದೆ ಮರದ ಕೆಲಸ.

ಕೆತ್ತನೆ

ಬಣ್ಣದ ಚಿತ್ರವನ್ನು ನೇರವಾಗಿ ಕೆತ್ತಲಾಗದು. ಅದರ ಗೆರೆಗಳನ್ನು ಮಾತ್ರ ತೆಳು ಕಾಗದದ ಮೇಲೆ ಕಪ್ಪು ಮಸಿಯಲ್ಲಿ ಇಳಿಸಬೇಕು. ಇದೇ ಹನ್‌ಶಿತ. ಜಲವರ್ಣದಲ್ಲಿ ಒಂದು ಮರದ ಅಂಚು ಮಂಜಿನೊಳಗೆ ಕರಗಿಹೋಗಬಹುದು. ಹನ್‌ಶಿತದಲ್ಲಿ ಹಾಗಿಲ್ಲ, ಅಲ್ಲಿ ಗೆರೆ ಇದೆ ಅಥವಾ ಇಲ್ಲ. ಯಾವ ಅಂಚನ್ನು ಗೆರೆ ಹಿಡಿದುಕೊಳ್ಳಬೇಕು, ಯಾವುದನ್ನು ಬರೀ ಬಣ್ಣಕ್ಕೆ ಬಿಡಬೇಕು ಎಂಬ ತೀರ್ಮಾನ ಇಲ್ಲಿ ಆಗುತ್ತದೆ. ನನ್ನ ಲೆಕ್ಕದಲ್ಲಿ ಅಚ್ಚಿನ ಚಿತ್ರಕಾರನ ಜಾಣ್ಮೆ ತಿಳಿಯುವುದು ಈ ಒಂದು ಹಾಳೆಯಲ್ಲೇ. ಆದರೆ ಆ ಹಾಳೆ ಉಳಿಯುವುದಿಲ್ಲ. ಅದನ್ನು ಮಗುಚಿ ಹಲಗೆಗೆ ಅಂಟಿಸಿ ಅದರ ಮೇಲೆಯೇ ಕೆತ್ತುತ್ತಾರೆ.

ಹಲಗೆ ಯಮಜಕುರಾ, ಅಂದರೆ ಕಾಡು ಚೆರ್ರಿ ಮರದ್ದು. ಮರದ ಉದ್ದಕ್ಕೆ ಕೊಯ್ದ ಹಲಗೆ, ಅಡ್ಡ ಕೊಯ್ದ ಬಿಲ್ಲೆಯಲ್ಲ. ವರ್ಷಗಟ್ಟಲೆ ನೆರಳಲ್ಲಿ ಒಣಗಿಸಿರಬೇಕು. ಹಸಿ ಇದ್ದರೆ ಮುದ್ರಣದ ನೀರು ಕುಡಿದು ಬಾಗುತ್ತದೆ. ಚೆರ್ರಿಯನ್ನೇ ಆರಿಸುವುದಕ್ಕೆ ಕಾರಣ, ಅದರ ಎಳೆ ಒತ್ತಾಗಿ ಸಮನಾಗಿರುತ್ತದೆ, ಕೂದಲೆಳೆಯಂಥ ಗೆರೆ ನಿಲ್ಲುವಷ್ಟು ಗಟ್ಟಿ, ಆದರೂ ಚಾಕು ಓಡುವಷ್ಟು ಮೆದು. ಹೆಂಗಸರ ಚಿತ್ರಗಳಲ್ಲಿ ಹಣೆಯಂಚಿನ ಕೂದಲಿಗೆ ಅದೂ ಸಾಲದೆಂದು ಅಷ್ಟು ಜಾಗದಲ್ಲಿ ಬಾಕ್ಸ್‌ವುಡ್ ತುಂಡು ಕೂರಿಸುವ ರೂಢಿಯೂ ಇತ್ತು.

ಹಲಗೆಗೆ ಅಕ್ಕಿಯ ಅಂಟನ್ನು ಅಂಗೈಯಿಂದ ತೆಳುವಾಗಿ ಸವರಿ, ಹನ್‌ಶಿತವನ್ನು ಬರೆದ ಮುಖ ಕೆಳಗಾಗಿ ಕೂರಿಸುತ್ತಾರೆ. ಅಂಟು ಹೆಚ್ಚಾದರೆ ಕಾಗದ ಜಾರಿ ಹಿಗ್ಗುತ್ತದೆ, ನೇರ ಗೆರೆ ಸೊಟ್ಟಗಾಗುತ್ತದೆ. ಕಡಿಮೆಯಾದರೆ ಕೆತ್ತುವಾಗ ಗೆರೆ ಎದ್ದುಬರುತ್ತದೆ. ಒಣಗುತ್ತಾ ಬಂದಾಗ ಬೆರಳ ತುದಿಯಿಂದ ಉಜ್ಜಿ ಕಾಗದದ ಮೇಲ್ಪದರವನ್ನು ಕಿತ್ತುಹಾಕಿ, ಉಳಿದ ಪೊರೆಗೆ ಒಂದಿಷ್ಟು ಎಣ್ಣೆ ಸವರಿದರೆ ಗೆರೆಗಳು ಮರದ ಮೇಲೆ ನಿಚ್ಚಳವಾಗಿ ಕಾಣುತ್ತವೆ.

ಗೆರೆ ಬಿಡಿಸುವ ಚಾಕು ಹಂಗಿತೊ. ಅದನ್ನು ಮುಷ್ಟಿಯಲ್ಲಿ ಹಿಡಿದು, ಇನ್ನೊಂದು ಕೈಯ ಬೆರಳಿನಿಂದ ಅಲಗಿಗೆ ದಿಕ್ಕು ಕೊಡುತ್ತಾ ತನ್ನ ಕಡೆಗೆ ಎಳೆದುಕೊಳ್ಳಬೇಕು. ಪ್ರತಿ ಗೆರೆಗೂ ಎರಡು ಬದಿ, ಎರಡು ಕೊಯ್ತ. ಅಲಗನ್ನು ಕೊಂಚ ಓರೆಯಾಗಿ ಹಿಡಿಯುವುದರಿಂದ ಗೆರೆ ಮೇಲೆ ತೆಳುವಾಗಿ, ಬುಡದಲ್ಲಿ ಅಗಲವಾಗಿ ನಿಲ್ಲುತ್ತದೆ. ಕೋನ ತಪ್ಪಿ ಬುಡ ಕೊರೆದುಹೋದರೆ ಮೊದಲ ನೂರು ಪ್ರತಿಗಳಲ್ಲಿ ಏನೂ ತಿಳಿಯುವುದಿಲ್ಲ, ಆಮೇಲೆ ತಿಕ್ಕುವ ಒತ್ತಡಕ್ಕೆ ಗೆರೆ ಮುರಿಯುತ್ತದೆ. ಎಳೆಗೆ ಅಡ್ಡವಾಗಿ ಹೋಗುವ ಸಣ್ಣ ಗೆರೆಗಳಿಗೆ ಈ ಅಪಾಯ ಹೆಚ್ಚು. ಗೆರೆಗಳ ನಡುವಿನ ಮರವನ್ನು ಸಣ್ಣ ಉಳಿಗಳಿಂದ ತೆಗೆದು, ದೊಡ್ಡ ಖಾಲಿ ಜಾಗವನ್ನು ಗುಂಡುಬಾಯಿಯ ಉಳಿ ಮತ್ತು ಕೊಡತಿಯಿಂದ ತೋಡುತ್ತಾರೆ. ಈ ಜಾಗ ಸಾಕಷ್ಟು ಆಳವಿಲ್ಲದಿದ್ದರೆ ತಿಕ್ಕುವಾಗ ಒದ್ದೆ ಕಾಗದ ಕೆಳಗೆ ಜೋತು ತಳಕ್ಕೆ ತಾಗಿ ಕಲೆ ಹಿಡಿಯುತ್ತದೆ. ಹಾಗಾಗಿ ಖಾಲಿ ಜಾಗ ಅಗಲವಿದ್ದಷ್ಟೂ ಆಳವಾಗಿ ತೋಡಬೇಕು. ಹಿಂದೆ ರಾತ್ರಿ ಕೆಲಸಕ್ಕೆ ದೀಪದ ಮುಂದೆ ನೀರು ತುಂಬಿದ ಗಾಜಿನ ಬುರುಡೆ ಇಟ್ಟು ಬೆಳಕನ್ನು ಚಾಕುವಿನ ತುದಿಗೆ ಕೂಡಿಸಿಕೊಳ್ಳುತ್ತಿದ್ದರು. ಕಾರ್ಖಾನೆಯೊಳಗೂ ಶ್ರೇಣಿಯಿತ್ತು: ಮುಖ, ಕೂದಲು, ಕೈಗಳು ಹಿರಿಯರಿಗೆ, ಬಟ್ಟೆ, ಮನೆ, ಗಿಡ ಕಿರಿಯರಿಗೆ.

ಕೊನೆಗೆ ಕೆತ್ತುವುದು ಕೆಂಟೋ, ಅಂದರೆ ಹಾಳೆ ಕೂರಿಸುವ ಗುರುತುಗಳು, ಇಡೀ ಪದ್ಧತಿ ನಿಂತಿರುವುದೇ ಇದರ ಮೇಲೆ. ಹಲಗೆಯ ಬಲ ಕೆಳಮೂಲೆಯಲ್ಲಿ ಕಗಿ ಎಂಬ ಮೂಲೆಯಾಕಾರದ ಗುರುತು, ಕೆಳ ಅಂಚಿನಲ್ಲಿ ಸ್ವಲ್ಪ ಎಡಕ್ಕೆ ಹಿಕಿತ್ಸುಕೆ ಎಂಬ ನೇರ ಗುರುತು. ಎರಡೂ ಕಾಗದದ ದಪ್ಪಕ್ಕಿಂತ ತುಸು ಹೆಚ್ಚು ಆಳದ ಮೆಟ್ಟಿಲುಗಳು, ಅಷ್ಟೇ. ಹಾಳೆಯ ಮೂಲೆ ಒಂದಕ್ಕೆ, ಅಂಚು ಇನ್ನೊಂದಕ್ಕೆ ತಾಗಿದರೆ ಪ್ರತಿ ಹಲಗೆಯ ಮೇಲೂ ಅದು ಅದೇ ಜಾಗದಲ್ಲೇ ಬೀಳುತ್ತದೆ.

ಗೆರೆಯ ಅಚ್ಚು ಸಿದ್ಧವಾದ ಮೇಲೆ ಅದರಿಂದ ಕೆಂಟೋ ಸಮೇತ ಹತ್ತಿಪ್ಪತ್ತು ಕಪ್ಪು ಪ್ರತಿ ತೆಗೆಯುತ್ತಾರೆ. ಇವು ಚಿತ್ರಕಾರನ ಬಳಿಗೆ ಮರಳುತ್ತವೆ. ಆಕಾಶದ ನೀಲಿ ಎಲ್ಲೆಲ್ಲಿ ಎಂದು ಒಂದು ಹಾಳೆಯಲ್ಲಿ, ಕಂಬದ ಕೆಂಪು ಎಲ್ಲೆಲ್ಲಿ ಎಂದು ಇನ್ನೊಂದರಲ್ಲಿ, ಬಣ್ಣಕ್ಕೊಂದು ಹಾಳೆಯಂತೆ ಗುರುತು ಹಾಕಿಕೊಡಬೇಕು. ಆ ಹಾಳೆಗಳನ್ನೇ ಬೇರೆ ಹಲಗೆಗಳಿಗೆ ಅಂಟಿಸಿ ಬಣ್ಣದ ಅಚ್ಚುಗಳನ್ನು ಕೆತ್ತುತ್ತಾರೆ. ಒಂದೇ ಗೆರೆಯ ಅಚ್ಚಿನಿಂದ ಎಲ್ಲವೂ ಹುಟ್ಟುವುದರಿಂದ ಎಲ್ಲವೂ ಒಂದಕ್ಕೊಂದು ಕೂಡುತ್ತವೆ. ಮರ ಉಳಿಸಲು ಹಲಗೆಯ ಎರಡೂ ಮುಖ ಬಳಸುತ್ತಾರೆ. ಹಸುಯಿ ಅವರ ಹಿಮದ ಚಿತ್ರಗಳಲ್ಲಿ ಬೀಳುವ ಹಿಮದ ಚುಕ್ಕೆಗಳು ಸಾಮಾನ್ಯವಾಗಿ ಬಣ್ಣ ತಾಗದೆ ಉಳಿದ ಬಿಳಿ ಕಾಗದ. ಆಕಾಶಕ್ಕೆ ಮೂರು ಸಲ ಬಣ್ಣ ಬೀಳಬೇಕಾದರೆ ಮೂರೂ ಸಲ ಪ್ರತಿ ಚುಕ್ಕೆ ಅದೇ ಜಾಗದಲ್ಲಿ ಖಾಲಿ ಉಳಿಯಬೇಕು. 1925ರ, ಶಿಬಾದ ಜೊಜೊಜಿ ಎಂಬ ಬೌದ್ಧ ದೇವಾಲಯದ ಚಿತ್ರದಲ್ಲಿ ಕೆಂಪು ಮಹಾದ್ವಾರದ ಮುಂದೆ, ಗಾಳಿಗೆ ಕೊಡೆ ಬಾಗಿಸಿ ನಡೆಯುವ ಹೆಂಗಸಿನ ಸುತ್ತ ಸುರಿಯುವ ಹಿಮವನ್ನು ಒಮ್ಮೆ ಈ ಕಣ್ಣಿನಿಂದ ನೋಡಬೇಕು.

ಕಾಗದ

ಒಂದೇ ಹಾಳೆ ಇಪ್ಪತ್ತು ಮೂವತ್ತು ಸಲ ಒದ್ದೆಯಾಗಿಯೇ ತಿಕ್ಕಿಸಿಕೊಂಡು ಹರಿಯದೆ ಉಳಿಯಬೇಕೆಂದರೆ ಸಾಮಾನ್ಯ ಕಾಗದ ಸಾಲದು. ಬೇಕಾದ್ದು ಹೋಶೊ, ಫುಕುಯಿ ಪ್ರಾಂತ್ಯದ ಎಚಿಜೆನ್‌ನಲ್ಲಿ ಕೋಜೊ ಗಿಡದ ತೊಗಟೆಯ ನಾರಿನಿಂದ ಕೈಯಲ್ಲಿ ಎತ್ತಿದ ಕಾಗದ. ಕೋಜೊ ನಮ್ಮ ಹಿಪ್ಪುನೇರಳೆಯ ಕುಟುಂಬಕ್ಕೇ ಸೇರಿದ ಗಿಡ. ಅದರ ನಾರು ಉದ್ದ. ಎಚಿಜೆನ್‌ನ ಇವಾನೊ ಇಚಿಬೆ ಮನೆತನದ ಎಂಟನೆಯವರಿಗೆ 1968ರಲ್ಲಿ, ಒಂಬತ್ತನೆಯವರಿಗೆ 2000ದಲ್ಲಿ ಜಪಾನ್ ಸರ್ಕಾರ ಜೀವಂತ ರಾಷ್ಟ್ರೀಯ ನಿಧಿ ಎಂಬ ಮನ್ನಣೆ ಕೊಟ್ಟಿತು, ಈ ಕಾಗದಕ್ಕಾಗಿಯೇ.

ಎತ್ತಿದ ಕಾಗದ ಹಾಗೆಯೇ ಬಣ್ಣ ಹೀರಿದರೆ ಅಂಚುಗಳೆಲ್ಲ ಹಬ್ಬಿಹೋಗುತ್ತವೆ. ಅದಕ್ಕೆ ಚರ್ಮದಿಂದ ತೆಗೆದ ಅಂಟು ಮತ್ತು ಪಟಿಕ ಕರಗಿಸಿದ ನೀರನ್ನು ಅಗಲ ಕುಂಚದಿಂದ ಬಳಿದು ಒಣಗಿಸುತ್ತಾರೆ. ಅಂಟಿನ ಅರ್ಧದಷ್ಟು ಪಟಿಕ ಎಂಬುದು ಒಂದು ರೂಢಿಯ ಅಳತೆ, ಹವೆ ಮತ್ತು ಕಾಗದ ನೋಡಿ ಹೆಚ್ಚುಕಡಿಮೆ ಮಾಡುತ್ತಾರೆ. ಅಂಟನ್ನು ಕುದಿಸಬಾರದು, ಕುದಿಸಿದರೆ ಹಿಡಿತ ಕಳೆದುಕೊಳ್ಳುತ್ತದೆ. ಈ ಲೇಪ ಕಡಿಮೆಯಾದರೆ ಬಣ್ಣ ಹಬ್ಬುತ್ತದೆ, ನಾಲ್ಕನೇ ಐದನೇ ಮುದ್ರಣಕ್ಕೆ ಕಾಗದದ ನಾರು ಮೇಲೆದ್ದು ಹಲಗೆಗೆ ಅಂಟುತ್ತದೆ. ಹೆಚ್ಚಾದರೆ ಬಣ್ಣ ಒಳಗಿಳಿಯದೆ ಮೇಲೆಯೇ ಚುಕ್ಕೆಚುಕ್ಕೆಯಾಗಿ ನಿಲ್ಲುತ್ತದೆ. ಪಟಿಕ ಮಿತಿ ಮೀರಿದರೆ ಕಾಗದಕ್ಕೆ ಹುಳಿ ಹತ್ತಿ ದಶಕಗಳ ಮೇಲೆ ಮುರುಕಲಾಗುತ್ತದೆ.

ಮುದ್ರಣದ ಹಿಂದಿನ ದಿನ ಹಾಳೆಗಳನ್ನು ನೆನೆಸಬೇಕು. ಎಲ್ಲವನ್ನೂ ಅಲ್ಲ, ಒಂದು ಬಿಟ್ಟು ಒಂದಕ್ಕೆ ನೀರಿನ ಕುಂಚ ಎಳೆದು, ಒಂದರ ಮೇಲೊಂದು ಪೇರಿಸಿ, ಹಲಗೆಗಳ ನಡುವೆ ಇರಿಸಿದರೆ ಬೆಳಿಗ್ಗೆ ಹೊತ್ತಿಗೆ ತೇವ ಸಮನಾಗಿ ಹಂಚಿಕೊಂಡಿರುತ್ತದೆ. ಮುಟ್ಟಿದರೆ ತಣ್ಣಗಿರಬೇಕು, ನೀರಿನ ಹೊಳಪು ಕಾಣಬಾರದು. ತೇವಕ್ಕೆ ಕಾಗದ ಹಿಗ್ಗುತ್ತದೆ, ಒಣಗಿದರೆ ಕುಗ್ಗುತ್ತದೆ. ಬೆಳಿಗ್ಗೆ ಒಂದು ತೇವದಲ್ಲಿ ಗೆರೆ ಒತ್ತಿ ಮಧ್ಯಾಹ್ನ ಇನ್ನೊಂದು ತೇವದಲ್ಲಿ ಕೆಂಪು ಒತ್ತಿದರೆ ಕೆಂಟೋ ಎಷ್ಟೇ ಸರಿಯಿದ್ದರೂ ಬಣ್ಣ ಗೆರೆಯಿಂದಾಚೆ ಹೋಗುತ್ತದೆ. ಮುದ್ರಣ ಮುಗಿಯುವ ತನಕ, ದಿನಗಟ್ಟಲೆ, ಅದೇ ತೇವ ಕಾಯಬೇಕು. ಬೇಸಿಗೆಯಲ್ಲಿ ಅಷ್ಟರೊಳಗೆ ಬೂಷ್ಟು ಬರುತ್ತದೆ. ಈಗಿನವರು ಅರ್ಧ ಮುಗಿದ ಹಾಳೆಗಳನ್ನು ಫ್ರೀಜರ್‌ನಲ್ಲಿ ಇಡುತ್ತಾರೆ.

ಒತ್ತುವುದು

ಮುದ್ರಕನ ಮೇಜು ಗಿಡ್ಡ, ಅವನಿಂದಾಚೆಗೆ ಇಳಿಜಾರು. ಚಕ್ಕಳಮಕ್ಕಳ ಕುಳಿತು ಮುಂದಕ್ಕೆ ಬಾಗಿದರೆ ತೋಳಿನ ಬಲದ ಬದಲು ಮೈಯ ಭಾರ ಕೆಲಸ ಮಾಡುತ್ತದೆ. ಯಂತ್ರವಿಲ್ಲ, ರೋಲರ್ ಇಲ್ಲ. ಬಣ್ಣವೂ ಎಣ್ಣೆಯದಲ್ಲ, ನೀರಿನದು. ಎಡೋ ಕಾಲದಲ್ಲಿ ಕುಸುಬೆ ಹೂವಿನ ಕೆಂಪು, ಗಿಡದ ನೀಲಿ, ಅರದಾಳದ ಹಳದಿ, ಕೆಮ್ಮಣ್ಣು, ಮಸಿ. 1830ರ ಸುಮಾರಿಗೆ ಪ್ರಷ್ಯನ್ ನೀಲಿ ಬಳಕೆಗೆ ಬಂದು ಹೊಕುಸಾಯ್, ಹಿರೋಶಿಗೆ ಅವರ ಆಕಾಶ, ಸಮುದ್ರಗಳನ್ನೇ ಬದಲಿಸಿತು. ಗಿಡದ ಬಣ್ಣಗಳು ಬಿಸಿಲಿಗೆ ಬೇಗ ಮಾಸುತ್ತವೆ, ಪ್ರಷ್ಯನ್ ನೀಲಿ ಅಷ್ಟು ಬೇಗ ಮಾಸುವುದಿಲ್ಲ.

ಒಂದು ಹಾಳೆಯ ಕೆಲಸ ಹೀಗೆ: ತೇವ ಮಾಡಿದ ಅಚ್ಚಿನ ಮೇಲೆ ಒಂದೆರಡು ತೊಟ್ಟು ಬಣ್ಣ, ಅದರ ಪಕ್ಕ ಚಿಟಿಕೆಯಷ್ಟು ಅಕ್ಕಿಯ ಅಂಟು. ಕುದುರೆ ಕೂದಲಿನ ಬ್ರಷ್‌ನಿಂದ ಎರಡನ್ನೂ ಅಲ್ಲೇ ಬೆರೆಸಿ ಹರಡಿ, ಕೊನೆಗೆ ಬ್ರಷ್ ಗೆರೆ ಉಳಿಯದಂತೆ ಹಗುರವಾಗಿ ಸವರಬೇಕು. ಬ್ರಷ್ ಹೊಸದಾಗಿದ್ದರೆ ಅದರ ಕೂದಲ ತುದಿಯನ್ನು ಬಿಸಿ ತಗಡಿನ ಮೇಲೆ ಸುಟ್ಟು, ಶಾರ್ಕ್ ಚರ್ಮದ ಮೇಲೆ ಉಜ್ಜಿ ಸೀಳಿ ಮೆದು ಮಾಡಿರುತ್ತಾರೆ. ಅಂಟು ಬಣ್ಣಕ್ಕೆ ಸಮತೆ ಕೊಡುತ್ತದೆ. ಅಂಟಿಲ್ಲದೆ ಒತ್ತಿದರೆ ಎಳ್ಳು ಚೆಲ್ಲಿದ ಹಾಗೆ ಚುಕ್ಕೆ ಬೀಳುತ್ತದೆ, ಕಲ್ಲಿನ ಗೋಡೆ, ಮರಳಿಗೆ ಬೇಕೆಂದೇ ಹಾಗೆ ಮಾಡುವುದೂ ಉಂಟು. ಅಂಟು ಹೆಚ್ಚಾದರೆ ಗೆರೆಗಳ ಸಂದಿಯಲ್ಲಿ ಕೂತು ಅಂಚು ಕೊಳಕಾಗುತ್ತದೆ. ಬಳಿಕ ಹಾಳೆಯನ್ನು ಕಗಿಗೆ, ಹಿಕಿತ್ಸುಕೆಗೆ ತಾಗಿಸಿ ಇಳಿಬಿಟ್ಟು ಬೆನ್ನಿನ ಮೇಲೆ ಬಾರೆನ್ ಆಡಿಸಬೇಕು.

ಬಾರೆನ್ ಸುಮಾರು 13 ಸೆಂಟಿಮೀಟರ್ ಅಗಲದ ಬಿಲ್ಲೆ. ಹಿಂಬದಿ, ತೆಳು ಕಾಗದದ ಹತ್ತಾರು ಪದರ ಅಂಟಿಸಿ ಅರಗುಪಾಲಿಶ್‌ನಂತೆ ಹೊಳೆಯುವ ಉರುಶಿ ಲೇಪ ಕೊಟ್ಟ ತಟ್ಟೆ. ಒಳಗೆ, ಬಿದಿರ ಕಳಲೆಯ ಸಿಪ್ಪೆಯನ್ನು ಎಳೆಎಳೆಯಾಗಿ ಸೀಳಿ ಹೊಸೆದ ಹುರಿಯ ಸುರುಳಿ. ಹೊರಗೆ ಅದೇ ಸಿಪ್ಪೆಯ ಹೊದಿಕೆ. ಹುರಿಯ ಗಂಟುಗಳು ಸಾವಿರಾರು ಪುಟ್ಟ ಬಿಂದುಗಳಲ್ಲಿ ಒತ್ತುತ್ತವೆ. ಸಣ್ಣ ಹುರಿಯ ಬಾರೆನ್ ನವಿರು ಗೆರೆಗೆ, ದಪ್ಪ ಹುರಿಯದು ಅಗಲ ಬಣ್ಣಕ್ಕೆ. ಹೊದಿಕೆಗೆ ಆಗಾಗ ಕಮೇಲಿಯಾ ಎಣ್ಣೆ ಸೋಕಿಸದಿದ್ದರೆ ಕಾಗದದ ಮೇಲೆ ಜಾರುವುದಿಲ್ಲ.

ಸಾಮಾನ್ಯ ಕ್ರಮ ಮೊದಲು ಗೆರೆ, ಆಮೇಲೆ ಸಣ್ಣ ಜಾಗದ ತಿಳಿ ಬಣ್ಣಗಳು, ಕೊನೆಗೆ ಅಗಲವಾದ ಗಾಢ ಬಣ್ಣಗಳು. ಅಗಲ ಬಣ್ಣ ಮೊದಲೇ ಒತ್ತಿದರೆ ಅದರ ನೀರು ಕುಡಿದು ಹಾಳೆ ಹಿಗ್ಗಿ ಮುಂದಿನದೆಲ್ಲ ತಪ್ಪುತ್ತದೆ. ಆರಂಭದ ಕೆಲವು ಹಾಳೆಗಳು ಕೆಟ್ಟೇ ಹೋಗುತ್ತವೆ. ಹಲಗೆ ಬಣ್ಣ ಕುಡಿದು ಹದಕ್ಕೆ ಬರಬೇಕು. ಬಣ್ಣ ಕೂದಲೆಳೆಯಷ್ಟು ಪಕ್ಕಕ್ಕೆ ಸರಿದಿದ್ದರೆ ಕೆಂಟೋವಿನ ಮೆಟ್ಟಿಲನ್ನು ಒಂದಿಷ್ಟು ಹೆರೆಯುತ್ತಾರೆ, ಇಲ್ಲವೇ ಚಕ್ಕೆಯೊಂದನ್ನು ಸೇರಿಸುತ್ತಾರೆ. ಎಡೋ ಕಾಲದಲ್ಲಿ ಒಂದು ಕಂತಿಗೆ 200 ಹಾಳೆ ಎಂಬ ಲೆಕ್ಕವಿತ್ತು, ಅದಕ್ಕೆ ಇಪ್ಪೈ ಎಂದು ಹೆಸರು.

ಆಕಾಶದ ನೀಲಿ ಮೇಲಿಂದ ಕೆಳಕ್ಕೆ ಕರಗುತ್ತಾ ಹೋಗುವುದಿದೆಯಲ್ಲ, ಅದು ಬೊಕಾಶಿ. ಅದಕ್ಕೆ ಹಲಗೆಯಲ್ಲಿ ಯಾವ ಕೆತ್ತನೆಯೂ ಇಲ್ಲ. ಅಚ್ಚನ್ನು ಒದ್ದೆ ಬಟ್ಟೆಯಿಂದ ಒರೆಸಿ, ಬ್ರಷ್‌ನ ಒಂದು ಮೂಲೆಗೆ ಮಾತ್ರ ಬಣ್ಣ ಹಿಡಿಸಿ ಅಡ್ಡಡ್ಡ ಎಳೆದರೆ ಬಣ್ಣ ನೀರಿನ ಕಡೆಗೆ ತೆಳುವಾಗುತ್ತದೆ. ನೀರು ಜಾಸ್ತಿಯಾದರೆ ಕೆಳಗೆ ಅಲೆಯಂಥ ಕಲೆ. ಕಡಿಮೆಯಾದರೆ ಕರಗುವ ಬದಲು ಗಡಿ ಬೀಳುತ್ತದೆ. ಪ್ರತಿ ಹಾಳೆಗೂ ಮೊದಲಿನಿಂದ ಮಾಡಬೇಕು, ನೂರನೆಯದು ಮೊದಲನೆಯದರಂತೆ ಇರಬೇಕು. ಹಸುಯಿ ಅವರ ಇರುಳುಗಳು ಒಂದೇ ಕಡುನೀಲಿ ಬಣ್ಣದಿಂದ ಬಂದಿಲ್ಲ, ಹಲವು ತೆಳು ನೀಲಿ, ಬೂದು ಬಣ್ಣಗಳನ್ನು ಒಂದರ ಮೇಲೊಂದು ಒತ್ತಿ ಬಂದವು.

ಪರೀಕ್ಷಾ ಪ್ರತಿಗಳು ಬರುವಾಗ ಹಸುಯಿ ಮುದ್ರಕನ ಪಕ್ಕದಲ್ಲಿ ಕುಳಿತು ಈ ನೆರಳು ಇನ್ನೂ ತಂಪಾಗಲಿ, ಅಲ್ಲಿ ಬೂದು ಇಳಿಯಲಿ ಎಂದು ಹೇಳುತ್ತಿದ್ದರು. ವತನಾಬೆ ಅವರದೂ ಅಭಿಪ್ರಾಯ ಇರುತ್ತಿತ್ತು. ಬಾರೆನ್ ತಿಕ್ಕಿದ ಸುರುಳಿ ಗೆರೆ ಕಾಣುವುದು ಹಳೆಯ ಲೆಕ್ಕದಲ್ಲಿ ಕೆಟ್ಟ ಕೆಲಸ. ಅದನ್ನು ಬೇಕೆಂದೇ ಆಕಾಶದಲ್ಲಿ, ನೀರಿನಲ್ಲಿ ಉಳಿಸಿದ್ದು ಈ ಪ್ರಕಾಶಕರು. ಇದು ಮರುಮುದ್ರಣವಲ್ಲ, ಹೊಸ ಅಚ್ಚು ಎಂದು ನೋಡಿದವರಿಗೆ ತಿಳಿಯಲಿ ಎಂದು.

ಇದೇ ಕಾಲದಲ್ಲಿ ಈ ಪಾಲುದಾರಿಕೆಯನ್ನೇ ತಿರಸ್ಕರಿಸಿದವರೂ ಇದ್ದರು. 1904ರಲ್ಲಿ ಯಮಾಮೊಟೊ ಕನಾಎ ತಾವೇ ಬರೆದು, ಕೆತ್ತಿ, ಒತ್ತಿದ ಮೀನುಗಾರನ ಚಿತ್ರದಿಂದ ಸೊಸಾಕು-ಹಂಗಾ, ಅಂದರೆ ಸೃಜನಶೀಲ ಅಚ್ಚುಚಿತ್ರ, ಎಂಬ ಪಂಥ ಹೊರಟಿತು. ಯೊಶಿದಾ ಹಿರೊಶಿ ನಡುವಿನ ದಾರಿ ಹಿಡಿದರು: ಸ್ವಂತ ಕಾರ್ಖಾನೆ, ಸಂಬಳದ ಕೆಲಸಗಾರರು, ಪ್ರತಿ ಹಂತಕ್ಕೂ ತಮ್ಮದೇ ಕಣ್ಗಾವಲು. ಹಾಗೆ ತೆಗೆದ ಪ್ರತಿಗಳ ಅಂಚಿನಲ್ಲಿ ಜಿಜುರಿ, ಅಂದರೆ ಸ್ವಂತ ಮುದ್ರಣ, ಎಂಬ ಮುದ್ರೆ ಇರುತ್ತದೆ. ಅವರು ಭಾರತಕ್ಕೂ ಬಂದಿದ್ದರು. 1931–32ರ ಅವರ ಭಾರತದ ಅಚ್ಚುಗಳಲ್ಲಿ ತಾಜ್ ಮಹಲ್, ಉದಯಪುರ, ಮಧುರೆಯ ದೇವಾಲಯ ಇವೆ. ಕೆತ್ತಲು, ಒತ್ತಲು ಬರುವ ಚಿತ್ರಕಾರ ಬರದವನಿಗಿಂತ ಮೇಲು ಎಂಬ ವಾದ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಹತ್ತು ವರ್ಷ ಒಂದೇ ಚಾಕು ಹಿಡಿದವನ ಗೆರೆ ಬೇರೆಯದೇ ಜಾತಿ.

1923ರ ಸೆಪ್ಟೆಂಬರ್ 1ರ ಕಾಂಟೊ ಭೂಕಂಪ, ಅದರ ಹಿಂದೆ ಬಂದ ಬೆಂಕಿ ವತನಾಬೆ ಅವರ ಅಂಗಡಿ, ಹಲಗೆ, ದಾಸ್ತಾನನ್ನೆಲ್ಲ ಸುಟ್ಟಿತು. ಹಸುಯಿ ಮನೆಯೂ 188 ಸ್ಕೆಚ್ ಪುಸ್ತಕಗಳೂ ಹೋದವು. ಕೆಲ ವಾರಗಳಲ್ಲೇ ಅವರು 102 ದಿನಗಳ ಪ್ರವಾಸಕ್ಕೆ ಹೊರಟು ಹೊಸ ಪುಸ್ತಕಗಳನ್ನು ತುಂಬಿಸಿಕೊಂಡು ಬಂದರು. ಎರಡನೇ ಮಹಾಯುದ್ಧದ ನಂತರ, 1953ರಲ್ಲಿ ಮುಗಿದ ಜೊಜೊಜಿ ಹಿಮದ ಇನ್ನೊಂದು ಚಿತ್ರವನ್ನು ಸರ್ಕಾರದ ಸಾಂಸ್ಕೃತಿಕ ಸಂರಕ್ಷಣಾ ಸಮಿತಿಯೇ ಮಾಡಿಸಿ, ಕೆತ್ತನೆಯಿಂದ ಮುದ್ರಣದವರೆಗೆ ದಾಖಲಿಸಿಟ್ಟಿತು. 1957ರ ನವೆಂಬರ್‌ನಲ್ಲಿ ಹಸುಯಿ ತೀರಿಕೊಂಡಾಗ ಹಿರಾಇಜುಮಿಯ ಕೊಂಜಿಕಿದೊ ಎಂಬ ಬೌದ್ಧ ಮಂದಿರದ ಚಿತ್ರ ಅರ್ಧದಲ್ಲಿತ್ತು. ಉಳಿದವರು ಅದನ್ನು ಮುಗಿಸಿದರು, ಅವರ ಸ್ಮರಣೆಯಲ್ಲಿ ಆಪ್ತರಿಗೆ ಹಂಚಿದರು.

ಹಲಗೆ ಪ್ರಕಾಶಕರದ್ದಾದ್ದರಿಂದ ಚಿತ್ರಕಾರ ಸತ್ತ ಮೇಲೂ ಮುದ್ರಣ ನಿಲ್ಲುವುದಿಲ್ಲ. ಕೊಳ್ಳುವವರು ಎಡವುವುದು ಇಲ್ಲೇ. ಒಂದೇ ಹಲಗೆಯ 1930ರ ಪ್ರತಿ ಮತ್ತು ಸಾವಿನ ನಂತರದ ಪ್ರತಿ ಎರಡೂ ಅಸಲಿ, ಆದರೆ ಬೆಲೆಯಲ್ಲಿ ಬಹಳ ಅಂತರ. ಮೊದಲು ಹಾಳೆ ತಿರುಗಿಸಿ. ನೀರಿನ ಬಣ್ಣ ಹಿಂಬದಿಗೆ ಒಸರಿರಬೇಕು, ಬಾರೆನ್ ಆಡಿದ ಗುರುತು ಓರೆ ಬೆಳಕಿನಲ್ಲಿ ಕಾಣಬೇಕು. ಭೂತಗನ್ನಡಿಯಲ್ಲಿ ಸಾಲುಸಾಲು ಚುಕ್ಕೆ ಕಂಡರೆ ಅದು ಆಫ್‌ಸೆಟ್ ಪೋಸ್ಟರ್. ಆಮೇಲೆ ಪ್ರಕಾಶಕರ ಮುದ್ರೆ: ವತನಾಬೆ ಅಂಗಡಿ ಕಾಲಕಾಲಕ್ಕೆ ಅದರ ಆಕಾರ ಬದಲಿಸಿದೆ, 6 ಮಿಲಿಮೀಟರ್‌ನ ಸಣ್ಣ ದುಂಡು ಮುದ್ರೆ ಯುದ್ಧಾನಂತರದ್ದು. ಭೂಕಂಪಕ್ಕೆ ಮುಂಚಿನ ಚಿತ್ರಗಳ ಹಲಗೆಗಳು ಸುಟ್ಟುಹೋಗಿವೆ. ಹಾಗಾಗಿ 1918–23ರ ಚಿತ್ರವೊಂದರ ಮೇಲೆ ಯುದ್ಧಾನಂತರದ ಮುದ್ರೆ ಕಂಡರೆ, ಅದು ಮತ್ತೆ ಕೆತ್ತಿದ ಹಲಗೆಯದ್ದೇ ಇರಬೇಕು.